ಹನ್ನೊಂದು ತಟ್ಟೆ, ಐದೂವರೆ ಮೂಟೆ ರಾಗಿ

ದುಬಾರಿ ಹೋಟೆಲಿಗೆ ಮೊದಲ ಸಲ ಹೋಗೋದಕ್ಕೆ ಕಾರಣ ಬೇಕಾಗಿಲ್ಲ. ಯಾರೋ ಕರೆದುಕೊಂಡು ಹೋಗಿರ್ತಾರೆ, ಇಲ್ಲಾ ಅದೇನಿದೆ ನೋಡೇಬಿಡೋಣ ಅನ್ನೋ ಕುತೂಹಲ ಇರುತ್ತೆ. ಕುತೂಹಲಕ್ಕೆ ಯಾರೂ ಲೆಕ್ಕ ಕೇಳಲ್ಲ. ಎರಡನೇ ಸಲದ ಮಾತು ಬೇರೆ. ಅಷ್ಟು ಹೊತ್ತಿಗೆ ಬೆಲೆ ಗೊತ್ತಿರುತ್ತೆ, ತಟ್ಟೆಯಲ್ಲಿ ಎಷ್ಟು ಬರುತ್ತೆ ಅನ್ನೋದೂ ಗೊತ್ತಿರುತ್ತೆ. ಎಲ್ಲಾ ಗೊತ್ತಿದ್ದು, ಸ್ವಂತ ದುಡ್ಡಲ್ಲಿ, ತಿಂಗಳ ಮೊದಲೇ ಟೇಬಲ್ ಬುಕ್ ಮಾಡಿ ಹೋದ್ರೆ ಅದು ಆಯ್ಕೆ. ಆಯ್ಕೆಗೆ ಉತ್ತರ ಕೊಡಬೇಕಾಗುತ್ತೆ. ಊರಲ್ಲಿ ಅಪ್ಪ ಅವ್ವ ಇರೋ ನನ್ನಂಥವರಿಗಂತೂ ಇದು ತಪ್ಪಿದ್ದಲ್ಲ.

ನಾನು ಹೇಳ್ತಿರೋದು ಟೇಸ್ಟಿಂಗ್ ಮೆನು ಅಂತಾರಲ್ಲ, ಅದರ ಬಗ್ಗೆ. ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ನೀವು ಏನು ಬೇಕು ಅಂತ ಹೇಳೋ ಹಾಗಿಲ್ಲ. ಅಡುಗೆಯವರು ತೀರ್ಮಾನ ಮಾಡಿದ್ದು ಬರುತ್ತೆ. ಏಳೋ, ಒಂಬತ್ತೋ, ಹನ್ನೊಂದೋ ತಟ್ಟೆ. ಒಂದೊಂದರಲ್ಲೂ ಎರಡು ತುತ್ತು, ಮೂರು ತುತ್ತು. ಒಂದು ತೆಗೆದ ಮೇಲೆ ಇನ್ನೊಂದು ಬರುತ್ತೆ. ಎಲ್ಲಾ ಮುಗಿಯೋಕೆ ಎರಡೂವರೆ ಗಂಟೆ, ಮೂರು ಗಂಟೆ ಹಿಡಿಯುತ್ತೆ. ಮದರಾಸಿನ ಐಟಿಸಿ ಗ್ರ್ಯಾಂಡ್ ಚೋಳದ ‘ಆವರ್ತನ’ದಲ್ಲಿ ನಮ್ಮ ದಕ್ಷಿಣದ ಅಡುಗೆಯನ್ನೇ ಹೀಗೆ ಮಾಡಿದ್ದಾರೆ. ಅಲ್ಲಿ ರಸಂ ಬರೋದು ಲೋಟದಲ್ಲಲ್ಲ, ಮಾರ್ಟಿನಿ ಗ್ಲಾಸಿನಲ್ಲಿ. ಬೆಂಗಳೂರಿನ ಉತ್ತರ ಅಂಚಿನ ಸಾತನೂರಿನಲ್ಲಿ ‘ಫಾರ್ಮ್‌ಲೋರ್’ ಅಂತ ಇದೆ, ತೋಟದ ಒಳಗೇ ಹೋಟೆಲು. ನಾನು ಎರಡು ಸಲ ಹೋದದ್ದು ಇವೆರಡೂ ಅಲ್ಲ. ಬೆಂಗಳೂರಿನದೇ ಇನ್ನೊಂದು ಜಾಗ. ಹೆಸರು ಬರೆಯಲ್ಲ, ಬರೆದ್ರೆ ಜಾಹೀರಾತು ಆಗುತ್ತೆ.

ಮೊದಲ ಸಲ ಹೋಗಿದ್ದು ಕಂಪನಿ ದುಡ್ಡಲ್ಲಿ. ಒಂದು ದೊಡ್ಡ ರಿಲೀಸ್ ಮುಗಿದಿತ್ತು, ಮ್ಯಾನೇಜರ್ ಖುಷಿಯಾಗಿದ್ದರು. ಆವತ್ತು ನಾನು ಊಟ ಮಾಡಿದೆ ಅನ್ನೋದಕ್ಕಿಂತ ಪಕ್ಕದವರು ಯಾವ ಚಮಚ ಎತ್ತುತ್ತಾರೆ ಅಂತ ನೋಡಿದೆ ಅನ್ನೋದು ಸರಿ. ಐದನೆಯದೋ ಆರನೆಯದೋ ತಟ್ಟೆಯಲ್ಲಿ ಬೆಟ್ಟದ ನೆಲ್ಲಿಕಾಯಿ ಗಾತ್ರದ ಒಂದು ಕಪ್ಪು ಉಂಡೆ ಬಂತು, ಕೆಳಗೆ ಕಪ್ಪು ಪುಡಿ, ಪಕ್ಕದಲ್ಲಿ ಹಸಿರು ರಸ. ತಂದಿಟ್ಟ ಹುಡುಗ ಬಗ್ಗಿ, ಇಂಗ್ಲಿಷಿನಲ್ಲಿ, ‘ಇದು ಫಿಂಗರ್ ಮಿಲೆಟ್, ದಕ್ಷಿಣ ಕರ್ನಾಟಕದ ರೈತರ ಆಹಾರ’ ಅಂತ ಹೇಳಿದ. ಗಂಡಸಿಯಲ್ಲಿ ಹುಟ್ಟಿ, ಹದಿನೆಂಟು ವರ್ಷ ದಿನಕ್ಕೆರಡು ಹೊತ್ತು ಅದನ್ನೇ ನುಂಗಿದವನಿಗೆ! ಕೆಳಗಿದ್ದ ಪುಡಿ ಹುಚ್ಚೆಳ್ಳು. ಹಸಿರು ರಸ ನಮ್ಮ ಮಸೊಪ್ಪಿನ ದಾಯಾದಿ. ಆ ಹುಡುಗನ ಊರು ಯಾವುದು ಅಂತ ಕೇಳಿದೆ. ಮಣಿಪುರ ಅಂದ. ಅವನಿಗೆ ಪಾಠ ಮಾಡೋಕೆ ಮನಸ್ಸು ಬರಲಿಲ್ಲ, ‘ಓಹ್ ನೈಸ್’ ಅಂದೆ. ಆಮೇಲೆ ಹೇಳಿದ, ‘ಸ್ಲೋ ಆಗಿ ಅಗಿದು ತಿನ್ನಿ ಸರ್.’

ಮುದ್ದೆ ಅಗಿಯೋದು! ನಮ್ಮ ಕಡೆ ಯಾರಾದರೂ ಮುದ್ದೆ ಅಗಿದ್ರೆ ಅವರು ಬಯಲುಸೀಮೆಯವರಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ಮುರಿದು, ಸಾರಲ್ಲಿ ಹೊರಳಿಸಿ, ನುಂಗೋದು. ಆದರೂ ಹೇಳಿದ ಹಾಗೆ ಅಗಿದೆ. ಹುರಿದ ರಾಗಿಯ ಘಮ, ಸ್ವಲ್ಪ ಮಣ್ಣಿನ ಹಾಗಿನದ್ದು, ಕೊನೆಯಲ್ಲಿ ಒಂಚೂರು ಸಿಹಿ. ಹದಿನೆಂಟು ವರ್ಷ ಗಂಟಲಿಗಷ್ಟೇ ಗೊತ್ತಿದ್ದದ್ದು ನಾಲಿಗೆಗೆ ಗೊತ್ತಾಯ್ತು. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡನೇ ಸಲ ಹೋಗಬೇಕು ಅನ್ನಿಸಿದ್ದು ಆ ಉಂಡೆಯಿಂದಲೇ.

ಹೋಗಿದ್ದು ಎರಡು ವರ್ಷ ಬಿಟ್ಟು, ಮದುವೆ ವಾರ್ಷಿಕೋತ್ಸವಕ್ಕೆ, ಹೆಂಡತಿ ಜೊತೆ. ಇಬ್ಬರಿಗೆ ತೆರಿಗೆ ಎಲ್ಲಾ ಸೇರಿ 12,000 ರೂಪಾಯಿ ಚಿಲ್ಲರೆ.

ಈಗ ಲೆಕ್ಕ. ನಾವು ಊರಿನವರು, ಬೆಂಗಳೂರಿಗೆ ಬಂದು ಎಷ್ಟು ವರ್ಷ ಆದರೂ ತಲೆಯೊಳಗೆ ಒಂದು ಕನ್ವರ್ಟರ್ ಓಡ್ತಾನೇ ಇರುತ್ತೆ. ಅಮೆರಿಕಕ್ಕೆ ಹೋದವರು ಡಾಲರನ್ನ ರೂಪಾಯಿ ಮಾಡ್ತಾರೆ, ನಾವು ರೂಪಾಯಿಯನ್ನ ರಾಗಿ ಮಾಡ್ತೀವಿ, ಕೊಬ್ಬರಿ ಮಾಡ್ತೀವಿ. 2024-25ರಲ್ಲಿ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಆ ಲೆಕ್ಕದಲ್ಲಿ ನಮ್ಮ ಬಿಲ್ಲು ಸುಮಾರು 2.8 ಕ್ವಿಂಟಾಲ್, ಐವತ್ತು ಕೆಜಿ ಮೂಟೆಯಾದರೆ ಐದೂವರೆ ಮೂಟೆ. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಅಂತ ಹಿಡಿದ್ರೆ 2,800 ಮುದ್ದೆ. ಅಪ್ಪ ಅವ್ವ ಇಬ್ಬರೂ ದಿನಕ್ಕೆ ಎರಡೆರಡು ಉಂಡ್ರೂ ಎರಡು ವರ್ಷಕ್ಕೆ ಒಂಚೂರು ಕಮ್ಮಿ. ಇನ್ನೊಂದು ಲೆಕ್ಕವೂ ಇದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಆ ಕೌಂಟರಿನಲ್ಲಿ ನಮ್ಮ ಒಂದು ರಾತ್ರಿಯ ಬಿಲ್ಲು 1,200 ಊಟ.

ಇಂಥ ಲೆಕ್ಕ ಹಾಕೋದನ್ನ ಕೆಲವರು ಬಡತನದ ಕಾಯಿಲೆ ಅಂತಾರೆ. ನನಗೆ ಹಾಗೆ ಅನ್ನಿಸಲ್ಲ. ಕನ್ವರ್ಟರ್ ಆಫ್ ಆದವರನ್ನೂ ನೋಡಿದ್ದೀನಿ, ಅವರು ಅಂಥಾ ಸುಖವಾಗೇನೂ ಇಲ್ಲ.

ಇದೇ ಲೆಕ್ಕವನ್ನ ಕಟ್ಟುನಿಟ್ಟಾಗಿ ಹಾಕಿದವರು ಆಸ್ಟ್ರೇಲಿಯಾದ ದಾರ್ಶನಿಕ ಪೀಟರ್ ಸಿಂಗರ್. ಪೂರ್ವ ಬಂಗಾಳದ ನಿರಾಶ್ರಿತರು ಹಸಿವಿನಿಂದ ಸಾಯ್ತಿದ್ದ ಕಾಲದಲ್ಲಿ ಬರೆದು 1972ರಲ್ಲಿ ಪ್ರಕಟಿಸಿದ ಲೇಖನ ಅದು. ಅವರ ಉದಾಹರಣೆ ಸರಳ. ನೀವು ಹೋಗ್ತಾ ಇದ್ದೀರಿ, ಆಳ ಇಲ್ಲದ ಕೊಳದಲ್ಲಿ ಒಂದು ಮಗು ಮುಳುಗ್ತಾ ಇದೆ. ಇಳಿದ್ರೆ ಬಟ್ಟೆ ಕೆಸರಾಗುತ್ತೆ. ಬಟ್ಟೆ ಕೆಡುತ್ತೆ ಅಂತ ಯಾರಾದ್ರೂ ಸುಮ್ಮನೆ ಹೋಗ್ತಾರಾ? ಹೋಗಲ್ಲ ಅಂದ ಮೇಲೆ, ಕಣ್ಣಿಗೆ ಕಾಣದ ದೂರದಲ್ಲಿ ಮಗು ಸಾಯ್ತಿರುವಾಗ, ಬಟ್ಟೆಗೆ ಸುರಿಯೋ ದುಡ್ಡು ಅಲ್ಲಿಗೆ ಯಾಕೆ ಹೋಗಲ್ಲ? ದೂರ ಅನ್ನೋದು ಒಂದು ನೈತಿಕ ಕಾರಣವಾ?

ಐವತ್ತು ವರ್ಷದಿಂದ ಈ ಪ್ರಶ್ನೆಗೆ ಬುದ್ಧಿವಂತರು ಉತ್ತರ ಕೊಡ್ತಾನೇ ಇದ್ದಾರೆ, ಪ್ರಶ್ನೆ ಸತ್ತಿಲ್ಲ. ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತೆ. ಒಂದು, ‘ನನ್ನ ದುಡ್ಡು, ನಾನು ದುಡಿದದ್ದು.’ ಇದು ನಿಲ್ಲಲ್ಲ. ಸಿಇಟಿ ಸೀಟಿಗೆ ಜನ ಕಟ್ಟಿದ ತೆರಿಗೆ ಇದೆ. ನನ್ನ ಬಿಇ ಫೀಸಿಗೆ ಅಪ್ಪ ಅರಸೀಕೆರೆ ಮಾರ್ಕೆಟ್‌ನಲ್ಲಿ ಮಾರಿದ ಕೊಬ್ಬರಿ ಇದೆ. ಇನ್ನೊಂದು, ‘ನಾವು ಖರ್ಚು ಮಾಡೋದರಿಂದ ಎಷ್ಟೋ ಜನಕ್ಕೆ ಕೆಲಸ ಸಿಗುತ್ತೆ.’ ಇದೂ ಅಷ್ಟೆ. ಅದೇ 12,000ಕ್ಕೆ ಊರಲ್ಲಿ ಕಲ್ಲು ಬೇಲಿ ಹಾಕಿಸಿದ್ರೂ ಕೆಲಸ ಸಿಗುತ್ತೆ. ದುಡ್ಡು ಎಲ್ಲಿ ಹೋದ್ರೂ ಯಾರಿಗೋ ಕೆಲಸ ಆಗುತ್ತೆ, ಹಾಗಾಗಿ ಇಲ್ಲೇ ಯಾಕೆ ಅನ್ನೋದಕ್ಕೆ ಅದು ಉತ್ತರ ಅಲ್ಲ.

ಸಿಂಗರ್‌ಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅವರ ತರ್ಕಕ್ಕೆ ತಳ ಇಲ್ಲ ಅಂತ ಮಾತ್ರ ಹೇಳಬಲ್ಲೆ. ಟೇಸ್ಟಿಂಗ್ ಮೆನು ಬಿಟ್ಟವನು ಮಸಾಲೆದೋಸೆ ಯಾಕೆ ತಿನ್ನಬೇಕು, ಮಗಳನ್ನ ಜೇನುಕಲ್ಲು ಬೆಟ್ಟದ ಜಾತ್ರೆಗೆ ಕರೆದುಕೊಂಡು ಹೋಗಿ ಬೆಂಡು ಬತ್ತಾಸು ಯಾಕೆ ಕೊಡಿಸಬೇಕು? ಅವ್ವ ವರ್ಷಕ್ಕೊಂದು ಸಲ ಯುಗಾದಿಗೆ ಒಬ್ಬಟ್ಟು ಮಾಡ್ತಾಳೆ, ತುಪ್ಪ ಸುರೀತಾಳೆ. ಆ ತುಪ್ಪದ ದುಡ್ಡಿಗೂ ಲೆಕ್ಕ ಇದೆ. ಅವ್ವನ ಒಬ್ಬಟ್ಟನ್ನ ತಪ್ಪು ಅನ್ನೋ ಯಾವ ನೀತಿಶಾಸ್ತ್ರವನ್ನೂ ನಾನು ಒಪ್ಪಲ್ಲ. ಹಾಗಂತ ಒಬ್ಬಟ್ಟು ಸರಿ ಆದ್ದರಿಂದ ಹನ್ನೊಂದು ತಟ್ಟೆಯೂ ಸರಿ ಅಂತ ಜಾರಿಕೊಳ್ಳೋದೂ ಮೋಸವೇ. ನಡುವೆ ಎಲ್ಲೋ ಗೆರೆ ಇದೆ. ಎಲ್ಲಿದೆ ಅನ್ನೋದನ್ನ ಕೈಯಿಂದ ತಡವಿ ತಡವಿ ನೋಡಬೇಕು.

ಅದು ಕಲೆ ಅನ್ನೋ ವಾದಕ್ಕೆ ಸ್ವಲ್ಪ ಹೆಚ್ಚು ಮರ್ಯಾದೆ ಕೊಡಬೇಕು. ರುಚಿ ನೋಡೋದು ಪಾಶ್ಚಾತ್ಯರ ಶೋಕಿ ಅನ್ನೋರಿಗೆ ನಮ್ಮ ಇತಿಹಾಸ ಗೊತ್ತಿಲ್ಲ. ಬೇಲೂರಿನ ಚೆನ್ನಕೇಶವನನ್ನ ಹೊಯ್ಸಳ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅದಾಗಿ ಹನ್ನೆರಡು ವರ್ಷದ ಆಸುಪಾಸಿನಲ್ಲಿ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಅನ್ನಭೋಗ ಅಂತ ಒಂದು ಭಾಗವೇ ಇದೆ, ರಾಜ ಏನು ಉಣ್ಣಬೇಕು, ಅದನ್ನ ಹೇಗೆ ಮಾಡಬೇಕು ಅಂತ. ನಮ್ಮ ಇಡ್ಲಿಯ ಮುತ್ತಜ್ಜಿ ಅಲ್ಲಿದ್ದಾಳೆ. ಕನ್ನಡದಲ್ಲೇ ಮೂರನೇ ಮಂಗರಸ 1508ರ ಹೊತ್ತಿಗೆ ‘ಸೂಪಶಾಸ್ತ್ರ’ ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ಅದಕ್ಕೂ ಎಷ್ಟೋ ಮುಂಚೆ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ರಸ ಅಂದರೆ ಏನು ಅಂತ ವಿವರಿಸೋಕೆ ಭರತ ಎತ್ತಿಕೊಂಡದ್ದು ಊಟವನ್ನೇ. ನಾನಾ ವ್ಯಂಜನ ಕೂಡಿದ ಅನ್ನವನ್ನ ತಿಳಿದವರು ಸವಿಯೋ ಹಾಗೆ ಭಾವಗಳನ್ನ ಪ್ರೇಕ್ಷಕರು ಸವೀತಾರೆ ಅಂತ. ಅಂದರೆ ನಮ್ಮಲ್ಲಿ ಕಲೆಯ ಸಿದ್ಧಾಂತ ಹುಟ್ಟಿದ್ದೇ ಊಟದ ಎಲೆ ಮುಂದೆ. ಒಂದೇ ತೊಡಕು: ಸೋಮೇಶ್ವರನದು ರಾಜನ ಪಟ್ಟಿ. ನಾನು ಇಎಂಐ ಕಟ್ಟೋನು.

ಎರಡನೇ ಸಲ ಹೋಗೋದು ಯಾಕೆ ಬೇಕು ಅನ್ನೋದಕ್ಕೆ ಇಂಗ್ಲೆಂಡಿನ ಪಕ್ಕದ ಸ್ಕಾಟ್ಲೆಂಡಿನವನು ಡೇವಿಡ್ ಹ್ಯೂಮ್ ಒಂದು ಕಾರಣ ಕೊಡ್ತಾನೆ. 1757ರ ಪ್ರಬಂಧದಲ್ಲಿ ‘ಡಾನ್ ಕ್ವಿಕ್ಸೋಟ್’ನಿಂದ ಒಂದು ಕತೆ ತರ್ತಾನೆ. ಇಬ್ಬರು ದ್ರಾಕ್ಷಾರಸದ ರುಚಿ ನೋಡ್ತಾರೆ. ಚೆನ್ನಾಗಿದೆ, ಆದರೆ ಚರ್ಮದ ವಾಸನೆ ಇದೆ ಅಂತ ಒಬ್ಬ. ಚೆನ್ನಾಗಿದೆ, ಆದರೆ ಕಬ್ಬಿಣದ ಒಗರು ಇದೆ ಅಂತ ಇನ್ನೊಬ್ಬ. ಎಲ್ಲರೂ ನಗ್ತಾರೆ. ಪೀಪಾಯಿ ಖಾಲಿ ಆದ ಮೇಲೆ ನೋಡಿದ್ರೆ ತಳದಲ್ಲಿ ಚರ್ಮದ ದಾರ ಕಟ್ಟಿದ ಕಬ್ಬಿಣದ ಬೀಗದ ಕೈ! ಹ್ಯೂಮ್ ಹೇಳೋದು ಏನಂದ್ರೆ, ಇಂಥ ನಾಲಿಗೆ ಅಭ್ಯಾಸದಿಂದ ಬರುತ್ತೆ, ಒಂದೇ ಸಲ ನೋಡಿ ತೀರ್ಪು ಕೊಡೋಕಾಗಲ್ಲ. ಇದು ನನಗೆ ಕೆಲಸದಲ್ಲೂ ಗೊತ್ತು. ಬೇರೆಯವರ ಕೋಡ್ ಮೊದಲ ಸಲ ಓದುವಾಗ ಜಾಣತನ ಕಾಣುತ್ತೆ, ಎರಡನೇ ಸಲ ಓದುವಾಗ ಗುಣ ಕಾಣುತ್ತೆ. ಗಾಜಿನ ಗೋಪುರದ ಕೆಳಗೆ ಹೊಗೆ ತುಂಬಿಸಿ ತಂದು ಎತ್ತೋದು, ತೆಂಗಿನ ಚಿಪ್ಪಿನೊಳಗೆ ಐಸ್‌ಕ್ರೀಮು, ಇವೆಲ್ಲಾ ಮೊದಲ ಸಲಕ್ಕೆ. ಎರಡನೇ ಸಲಕ್ಕೆ ಉಳಿಯೋದು ಅಡುಗೆ ಮಾತ್ರ.

ಉಳೀತಾ? ಉಳೀತು, ಹೆಚ್ಚುಕಮ್ಮಿ. ಆದರೆ ನಾನು ಯಾವುದಕ್ಕೋಸ್ಕರ ಹೋಗಿದ್ದೆನೋ ಆ ರಾಗಿ ಉಂಡೆ ಇರಲಿಲ್ಲ. ಮೆನು ಋತುವಿಗೊಂದು ಸಲ ಬದಲಾಗುತ್ತಂತೆ. ಅದರ ಜಾಗದಲ್ಲಿ ಹಿತಕಿದ ಅವರೆ ಬಂತು. ಒಂದು ಚಮಚದಷ್ಟು, ಮೇಲೆ ಕರಿದ ಕರಿಬೇವಿನ ಒಂದೇ ಒಂದು ಎಲೆ. ಚೆನ್ನಾಗಿತ್ತು, ನಿಜವಾಗಲೂ. ಹದಿನಾಲ್ಕು ಕಾಳು ಇದ್ದವು, ಎಣಿಸಿದೆ. ಹೆಂಡತಿ ಕೇಳಿದಳು, ‘ಏನ್ರೀ, ಎಣಿಸ್ತಿದ್ದೀರಾ?’ ಎಣಿಸೋ ಅಷ್ಟು ಹೊತ್ತು ಕೊಟ್ಟು ಒಂದು ಪದಾರ್ಥದ ಮುಂದೆ ಕೂರಿಸೋದೇ ಆ ಊಟದ ಗುಟ್ಟು ಅಂತ ನನಗೆ ಹೊಳೆದದ್ದು ಅಲ್ಲೇ. ಮನೆಯಲ್ಲಿ ಫೋನ್ ನೋಡ್ಕೊಂಡು ಎರಡು ಬಟ್ಟಲು ಹಿತಕವರೆ ಸಾರು ಖಾಲಿ ಮಾಡಿರ್ತೀವಿ, ಒಂದು ಕಾಳಿನ ನೆನಪೂ ಇರಲ್ಲ. ಇಲ್ಲಿ ದುಡ್ಡು ಕೊಡೋದು ಕಾಳಿಗಲ್ಲ, ಗಮನಕ್ಕೆ. ಗಮನ ಪುಕ್ಕಟೆ ಸಿಗೋ ವಸ್ತು ಅನ್ನೋದು ಗೊತ್ತು. ಪುಕ್ಕಟೆ ಸಿಕ್ಕಿದ್ದನ್ನ ನಾವು ಕೊಡಲ್ಲ ಅನ್ನೋದೂ ಗೊತ್ತು. ಆ ಊಟದ ನಂತರದ ವಾರ ಊರಿಗೆ ಹೋದಾಗ ಹುಚ್ಚೆಳ್ಳು ಚಟ್ನಿಯ ಕಹಿ ಎಲ್ಲಿ ಶುರುವಾಗುತ್ತೆ, ಬೆಳ್ಳುಳ್ಳಿ ಎಲ್ಲಿ ಅದನ್ನ ಹಿಡಿಯುತ್ತೆ ಅಂತ ಗೊತ್ತಾಗ್ತಿತ್ತು. ನಮ್ಮನೆ ಚಟ್ನಿ ತಿಳಿಯೋಕೆ ತಲೆಗೆ ಆರು ಸಾವಿರ! ಅಂದ್ರೂ ತಿಳೀತಲ್ಲ ಅನ್ನೋ ಸಮಾಧಾನ.

ಇಲ್ಲಿ ಕನಕದಾಸರನ್ನ ನೆನೆಸದೆ ಇರೋಕಾಗಲ್ಲ. ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲೆಗ ಮತ್ತು ವ್ರಿಹಿ, ಅಂದರೆ ರಾಗಿ ಮತ್ತು ಭತ್ತ, ಯಾರು ದೊಡ್ಡವರು ಅಂತ ರಾಮನ ಮುಂದೆ ಜಗಳ ಆಡ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ. ಭತ್ತ ಸೊರಗುತ್ತೆ, ರಾಗಿ ಗಟ್ಟಿಯಾಗಿರುತ್ತೆ, ರಾಘವನ ಹೆಸರು ಪಡೆಯುತ್ತೆ. ಐನೂರು ವರ್ಷದ ಹಿಂದೆಯೇ ಗೆದ್ದ ಕೇಸು. ಆದರೆ ತೀರ್ಪು ಜಾರಿಯಾಗಲಿಲ್ಲ. ನಮ್ಮ ಕಡೆ ಮದುವೆ ಊಟದ ಎಲೆ ಮೇಲೆ ನಾನು ಚಿಕ್ಕವನಿದ್ದಾಗ ಮುದ್ದೆ ನೋಡಿದ ನೆನಪಿಲ್ಲ. ಬಂದವರಿಗೆ ಅನ್ನ ಇಕ್ಕಿದ್ರೇನೇ ಮರ್ಯಾದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದ ಮೇಲೆ ರಾಗಿ ಕುಕ್ಕಿ, ರಾಗಿ ಪಾಸ್ತಾ ಎಲ್ಲಾ ಬಂದವು. ದುಬಾರಿ ತಟ್ಟೆ ಮೇಲೆ ಕೂತ ರಾಗಿಗೆ ಮರ್ಯಾದೆ ಸಿಕ್ಕಿತೋ ಅಥವಾ ವೇಷ ಹಾಕಿ ಕುಣಿಸ್ತಿದ್ದಾರೋ ಅನ್ನೋದು ನನಗೆ ಇನ್ನೂ ಬಗೆಹರಿದಿಲ್ಲ. ಬೆಳೆದವನಿಗೆ ಕ್ವಿಂಟಾಲಿಗೆ ನೂರು ರೂಪಾಯಿ ಹೆಚ್ಚು ಸಿಕ್ಕಿದ್ರೆ ಮರ್ಯಾದೆ ಅಂತ ಹೇಳಬಹುದೇನೋ.

ಇನ್ನು ಅಸಲಿ ಕಷ್ಟಕ್ಕೆ ಬರ್ತೀನಿ. ಬೆಲೆಯನ್ನ ಮನೆಯಲ್ಲಿ ಹೇಳಬೇಕಾ ಬೇಡವಾ?

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಊರಿಂದ ಬಂದ ನನ್ನ ಸ್ನೇಹಿತರಲ್ಲಿ ಮುಕ್ಕಾಲು ಪಾಲು ಎರಡು ಬೆಲೆಪಟ್ಟಿ ಇಟ್ಟುಕೊಂಡಿದ್ದಾರೆ, ಒಂದು ನಿಜದ್ದು, ಒಂದು ಊರಿನದ್ದು. ಐದು ಸಾವಿರದ ಶೂ ಊರಿಗೆ ಹೋಗೋ ಹೊತ್ತಿಗೆ ಎಂಟುನೂರು ಆಗಿರುತ್ತೆ. ಫ್ಲೈಟಲ್ಲಿ ಹೋದದ್ದು ‘ಆಫೀಸಿನವರು ಕೊಟ್ರು’ ಆಗಿರುತ್ತೆ. ನನ್ನ ಹೆಂಡತಿಯೂ ಹೇಳಿದ್ದಳು, ‘ಅತ್ತೆಗೆ ರೇಟ್ ಹೇಳಬೇಡಿ, ಸುಮ್ಮನೆ ಸಂಕಟ ಪಟ್ಕೋತಾರೆ.’ ಅವಳ ಮಾತಿನಲ್ಲಿ ಕರುಣೆ ಇತ್ತು, ಇಲ್ಲ ಅನ್ನಲ್ಲ.

ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಸ್ತಕದ ಕೊನೆಯಲ್ಲಿ ಒಂದು ಪರೀಕ್ಷೆ ಇಡ್ತಾನೆ. ಬೇರೆಯವರ ಹಕ್ಕಿಗೆ ಸಂಬಂಧಪಟ್ಟ ಯಾವ ಕೆಲಸದ ಹಿಂದಿನ ನಿಯಮವನ್ನ ಬಹಿರಂಗವಾಗಿ ಹೇಳೋಕಾಗಲ್ವೋ, ಆ ಕೆಲಸ ನ್ಯಾಯವಲ್ಲ. ಅವನು ಹೇಳಿದ್ದು ರಾಜ್ಯಗಳ ವಿಚಾರದಲ್ಲಿ. ನಾನು ಅದನ್ನ ಅಡುಗೆಮನೆಗೆ ಎಳ್ಕೊಂಡು ಬರ್ತಾ ಇದ್ದೀನಿ, ತತ್ವಶಾಸ್ತ್ರದ ಮೇಷ್ಟ್ರುಗಳು ಕ್ಷಮಿಸಲಿ. ಆದರೂ ಆ ಪರೀಕ್ಷೆ ನನ್ನನ್ನ ಬಿಡಲಿಲ್ಲ. ನನ್ನ ಸುಖದ ಬೆಲೆಯನ್ನ ನನ್ನನ್ನ ಓದಿಸಿದವರಿಗೆ ಹೇಳೋಕಾಗಲ್ಲ ಅಂದ್ರೆ, ಒಂದೋ ಆ ಸುಖದಲ್ಲಿ ಏನೋ ಐಬಿದೆ, ಇಲ್ಲಾ ಅವರಿಗೆ ಅರ್ಥ ಆಗಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೀನಿ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ‘ನೋಯಿಸಬಾರದು’ ಅನ್ನೋ ಹೆಸರಲ್ಲಿ ಅಪ್ಪ ಅವ್ವನ್ನ ಮಕ್ಕಳ ಥರ ಮಾಡೋದು. ಅವರು ಬರಗಾಲ ನೋಡಿದವರು, ತೆಂಗಿಗೆ ನುಸಿ ಬಿದ್ದಾಗ ಎದೆಗೆಡದೆ ಇದ್ದವರು. ಒಂದು ಹೋಟೆಲ್ ಬಿಲ್ಲು ಅವರಿಗೆ ತಡೆಯೋಕಾಗಲ್ವಾ?

ಹೇಳಿದೆ. ಅವರೆಕಾಯಿ ಕಾಲ, ಸಂಜೆ, ಅವ್ವ ಜಗಲಿ ಮೇಲೆ ಮೊರ ಇಟ್ಕೊಂಡು ಕೂತಿದ್ದಳು. ಅಪ್ಪ ಪಕ್ಕದಲ್ಲಿ. ಅದೇ ವಾರ ಅಪ್ಪ ರಾಗಿ ಒಕ್ಕೋ ಮಿಷನ್ನಿನವನ ಹತ್ರ ಇನ್ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿದ್ದ ಅನ್ನೋದೂ ನನಗೆ ಗೊತ್ತಿತ್ತು.

‘ಇಬ್ರಿಗೂ ಸೇರಿ ಹನ್ನೆರಡು ಸಾವ್ರ ಚಿಲ್ರೆ ಆಯ್ತು ಕಣವ್ವ.’

ಅಪ್ಪ ಬೀಡಿ ಹಚ್ಚಿ, ‘ಎಲ್ಡೂಮುಕ್ಕಾಲು ಕ್ವಿಂಟಾಲು’ ಅಂದ. ನನಗೆ ಕ್ಯಾಲ್ಕುಲೇಟರ್ ಬೇಕಾಗಿತ್ತು, ಅವನಿಗೆ ಬೇಕಾಗಲಿಲ್ಲ. ಅಷ್ಟು ಬಿಟ್ಟು ಇನ್ನೇನೂ ಅನ್ನಲಿಲ್ಲ. ಅವ್ವನ ಕೈ ನಿಲ್ಲಲಿಲ್ಲ.

‘ಹೊಟ್ಟೆ ತುಂಬ್ತಾ?’

‘ತುಂಬ್ತು.’

‘ಚೆನ್ನಾಗಿತ್ತಾ?’

‘ಚೆನ್ನಾಗಿತ್ತು.’

‘ಇನ್ನೊಸಿ ಬೇಕು ಅಂದ್ರೆ ಇಕ್ತಾರಾ?’

‘ಇಲ್ಲವ್ವ. ಎಲ್ಲಾ ಲೆಕ್ಕ. ಒಂದೇ ಸಲ.’

ಇದು ಅವಳಿಗೆ ಹನ್ನೆರಡು ಸಾವಿರಕ್ಕಿಂತ ದೊಡ್ಡ ಆಘಾತ. ಕೈ ನಿಂತಿತು. ‘ಎಲ್ಡನೇ ಸಲ ಇಕ್ಕಲ್ಲ ಅಂದ್ರೆ ಅದ್ಯಾತರ ಊಟ್ವೋ ಮಗ?’

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಯೋಚನೆ ಮಾಡಿದ್ರೆ ನಮ್ಮ ಪಂಕ್ತಿ ಊಟವೂ ಒಂದು ಟೇಸ್ಟಿಂಗ್ ಮೆನುವೇ. ಎಲೆ ತುದಿಗೆ ಉಪ್ಪು, ಆಮೇಲೆ ಕೋಸಂಬರಿ, ಪಲ್ಯ, ಹೀಗೆ ಒಂದು ಕ್ರಮ ಇದೆ. ಒಂದೊಂದೂ ಚಿಟಿಕೆ. ಯುರೋಪಿನಲ್ಲಿ ಒಂದಾದ ಮೇಲೊಂದು ತಟ್ಟೆ ತರೋ ರಷ್ಯನ್ ಪದ್ಧತಿ ಹರಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಅದಕ್ಕೆ ಮುಂಚೆ ಅವರೂ ಎಲ್ಲಾ ಒಟ್ಟಿಗೆ ಹರಡಿ ತಿನ್ನುತ್ತಿದ್ದವರೇ. ಹಾಗಾಗಿ ವ್ಯತ್ಯಾಸ ಕ್ರಮದಲ್ಲಿ ಇಲ್ಲ. ವ್ಯತ್ಯಾಸ ಇರೋದು ಎರಡನೇ ಸುತ್ತಿನಲ್ಲಿ. ನಮ್ಮಲ್ಲಿ ಊಟಕ್ಕೆ ಕರೆದವನ ಮನಸ್ಸು ಗೊತ್ತಾಗೋದು ಮೊದಲ ಸಲ ಬಡಿಸುವಾಗ ಅಲ್ಲ, ಬಕೆಟ್ ಹಿಡ್ಕೊಂಡು ಎರಡನೇ ಸಲ ಬಂದಾಗ. ಬೇಡ ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಇಡೋದು, ಕೈ ಸಂದಿಯಲ್ಲೇ ಇಕ್ಕಿಬಿಡೋದು, ಅದೊಂದು ಆಟ. ಸಾಕು ಅನ್ನೋ ಮಾತನ್ನ ಉಣ್ಣೋನು ಹೇಳಬೇಕು. ಟೇಸ್ಟಿಂಗ್ ಮೆನುವಿನಲ್ಲಿ ಸಾಕು ಅನ್ನೋದನ್ನ ಅಡುಗೆಯವನೇ ಮೊದಲು ಹೇಳಿಬಿಟ್ಟಿರ್ತಾನೆ. ಅದರಲ್ಲೂ ಒಂದು ಶಿಸ್ತಿದೆ, ವ್ಯರ್ಥ ಆಗಲ್ಲ. ನಮ್ಮ ಮದುವೆ ಮನೆಗಳ ಹಿಂದೆ ಎಲೆ ಜೊತೆ ಬೀಳೋ ಅನ್ನ ನೋಡಿದವನು ಪಂಕ್ತಿಯನ್ನ ಸುಮ್ಮನೆ ಹೊಗಳೋಕಾಗಲ್ಲ. ಅವ್ವನಿಗೆ ಇದನ್ನ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು, ಒಪ್ಪಿದ್ದಕ್ಕಲ್ಲ, ಮಗ ಓದಿದ್ದಾನೆ ಅನ್ನೋ ಥರ.

ಆಮೇಲೆ ಕೇಳಿದಳು, ‘ಸರಿ, ಆ ಇಕ್ಕೋ ಮಕ್ಳು ಯಾವಾಗ ಉಣ್ತಾವೆ?’

ನಮ್ಮೂರಲ್ಲಿ ಇಕ್ಕಿದವರದು ಕೊನೇ ಪಂಕ್ತಿ. ಹುಡುಗನಾಗಿದ್ದಾಗ ನಾನೂ ಸಾರಿನ ಬಕೆಟ್ ಹಿಡಿದವನೇ. ಮೂರು ಪಂಕ್ತಿ ಬಡಿಸಿ, ಕೈಯೆಲ್ಲಾ ಸಾರಿನ ಘಮ ಹತ್ತಿ, ಕೊನೆಗೆ ಕೂತಾಗ ಹೋಳಿಗೆ ಮುಗಿದಿರ್ತಿತ್ತು, ಆದರೆ ಅಡುಗೆ ಭಟ್ಟರು ನಮಗೆ ಅಂತ ನಾಲ್ಕು ಎತ್ತಿಟ್ಟಿರ್ತಿದ್ದರು. ಅವ್ವನ ಪ್ರಶ್ನೆ ಅಲ್ಲಿಂದ ಬಂದದ್ದು. ಮೂರು ಗಂಟೆ ಆ ಮಣಿಪುರದ ಹುಡುಗನಂಥವರು ನಿಂತೇ ಇದ್ದರು. ಹದಿನಾಲ್ಕು ಅವರೆಕಾಳು ಎಣಿಸಿದವನು ನಾನು, ಅವರನ್ನ ಎಣಿಸಿರಲಿಲ್ಲ. ಹೆಂಡತಿಯನ್ನ ಕೇಳಿದೆ, ಅವಳಿಗೂ ಗೊತ್ತಿರಲಿಲ್ಲ.

ಸಿಂಗರ್‌ನ ಪ್ರಶ್ನೆ ಕೊಳದಲ್ಲಿರೋ ಮಗುವಿನದು. ಅವ್ವನ ಪ್ರಶ್ನೆ ಟೇಬಲ್ ಪಕ್ಕ ನಿಂತಿರೋನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕಾಗಿಲ್ಲ, ಆದರೆ ಎರಡನೆಯದಕ್ಕೆ ದೂರದ ನೆಪ ಇಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2003ರಲ್ಲಿ ಶುರುವಾದ ‘ನೋಮಾ’ ಜಗತ್ತಿನ ಅತ್ಯುತ್ತಮ ರೆಸ್ಟೋರೆಂಟ್ ಅಂತ ಹಲವು ಸಲ ಪಟ್ಟ ಪಡೆದದ್ದು. ಅಲ್ಲಿನ ನುಣುಪಾದ ಕೆಲಸದ ಎಷ್ಟೋ ಭಾಗ, ಸೊಪ್ಪು ಬಿಡಿಸೋದು, ಎಲೆ ಜೋಡಿಸೋದು, ತರಬೇತಿಗೆ ಬಂದ ಹುಡುಗ ಹುಡುಗಿಯರ ಕೈಯಿಂದ ಆಗ್ತಿತ್ತು. 2022ರ ತನಕ ಅವರಿಗೆ ಸಂಬಳ ಇರಲಿಲ್ಲ. ಸಂಬಳ ಕೊಡೋಕೆ ಶುರು ಮಾಡಿದ ಕೆಲವೇ ತಿಂಗಳಲ್ಲಿ, 2023ರ ಜನವರಿಯಲ್ಲಿ, ಅದರ ಬಾಣಸಿಗ ರೆನೆ ರೆಡ್ಜೆಪಿ ಈ ಮಾದರಿ ಮುಂದುವರಿಸೋಕಾಗಲ್ಲ, ಈಗಿನ ರೂಪದ ಹೋಟೆಲ್ ಮುಚ್ಚುತ್ತೀವಿ ಅಂತ ಪ್ರಕಟಿಸಿದರು. ಜಗತ್ತಿನ ತುತ್ತ ತುದಿಯ ಊಟಕ್ಕೆ, ಅಷ್ಟು ಬೆಲೆ ಇಟ್ಟೂ, ಎಲ್ಲರಿಗೂ ಕೂಲಿ ಕೊಟ್ಟು ನಡೆಸೋದು ಕಷ್ಟ ಅಂದ್ರೆ ಆ ತಟ್ಟೆಯ ನಿಜವಾದ ಬೆಲೆ ಬಿಲ್ಲಿನಲ್ಲಿ ಬಂದಿರಲೇ ಇಲ್ಲ ಅಂತಾಯ್ತು.

ಸಿದ್ಧಗಂಗೆಯಲ್ಲಿ ಓದಿದ ನನ್ನ ಸ್ನೇಹಿತ ಒಬ್ಬನಿದ್ದಾನೆ. ಸುಮಾರು ಹತ್ತು ಸಾವಿರ ಮಕ್ಕಳು ಉಣ್ಣೋ ದಾಸೋಹ ಅದು. ಅವನಿಗೆ ಇದನ್ನೆಲ್ಲಾ ಹೇಳಿದಾಗ ನಕ್ಕ. ‘ನಾವು ಸರದಿ ಮೇಲೆ ಬಡಿಸ್ತಿದ್ವಿ. ಇವತ್ತು ಬಡಿಸೋನು ನಾಳೆ ಕೂತ್ಕೋತಿದ್ದ’ ಅಂದ. ದುಬಾರಿ ಹೋಟೆಲಿನಲ್ಲಿ ಆ ಸರದಿ ಬರಲ್ಲ. ಆ ಹುಡುಗ ನನ್ನ ಟೇಬಲ್ಲಿನಲ್ಲಿ ಕೂರೋಕೆ ಅವನ ಒಂದು ತಿಂಗಳ ಸಂಬಳದ ಎಷ್ಟು ಪಾಲು ಬೇಕಾಗುತ್ತೆ ಅನ್ನೋದು ಊಹೆ ಮಾಡಬಹುದು. ನಾನು ಬಡಿಸೋ ಸರದಿಯಂತೂ ಬರಲ್ಲ.

ಹಾಗಾದ್ರೆ ಹೋಗೋದೇ ಬಿಡಬೇಕಾ? ನನಗೆ ಹಾಗೂ ಅನ್ನಿಸಿಲ್ಲ. ಬಿಟ್ರೆ ನನ್ನ ಮನಸ್ಸಿಗೆ ಹಗುರ ಆಗುತ್ತೆ, ಆ ಹುಡುಗನಿಗೆ ಏನೂ ಆಗಲ್ಲ. ಅವನು ಮಣಿಪುರದಿಂದ ಬಂದಿರೋದು ನನ್ನ ವೈರಾಗ್ಯ ನೋಡೋಕಲ್ಲ. ಬದಲಿಗೆ ಮುಜುಗರದ ಪ್ರಶ್ನೆ ಕೇಳೋ ಗಿರಾಕಿ ಆಗಬಹುದು. ಮೀನು ಎಲ್ಲಿಂದ ಬಂತು, ಅಕ್ಕಿ ಯಾವ ತಳಿ, ಸೊಪ್ಪು ಸಾವಯವವಾ ಅಂತ ಅಲ್ಲಿ ಎಲ್ಲರೂ ಕೇಳ್ತಾರೆ, ಅದಕ್ಕೆ ಉತ್ತರ ಬಾಯಿಪಾಠ ಇರುತ್ತೆ. ಸರ್ವಿಸ್ ಚಾರ್ಜ್ ಯಾರಿಗೆ ಹೋಗುತ್ತೆ, ಕೆಲಸದವರು ಊಟಕ್ಕೆ ಯಾವಾಗ ಕೂರ್ತಾರೆ ಅಂತ ಕೇಳೋರು ಕಮ್ಮಿ.

ಈ ಸಲ ಅವ್ವ ಅಪ್ಪನ್ನೂ ಕರೆದುಕೊಂಡು ಹೋಗಬೇಕು ಅಂತ ಹೆಂಡತಿ ಹಟ. ಅಪ್ಪ ಬರಲ್ಲ ಅಂದಿದ್ದಾನೆ, ಹೊರಡೋ ದಿನ ಬಸ್ಸಿಗೆ ಗಂಡಸಿ ಹ್ಯಾಂಡ್‌ಪೋಸ್ಟ್ ತನಕ ಬಿಡೋಕೆ ಬಂದವನು ಹಾಗೇ ಹತ್ತಿಕೊಂಡ್ರೂ ಆಶ್ಚರ್ಯ ಇಲ್ಲ. ಅವ್ವ ಬರ್ತಾಳಂತೆ. ‘ಅದೇನ್ ಮಾಡವ್ರೆ ನೋಡಾನ, ಇನ್ನೊಸಿ ಇಕ್ಕು ಅಂತ ನಾನೇ ಕೇಳ್ತೀನಿ’ ಅಂದಿದ್ದಾಳೆ. ಬುಕ್ ಮಾಡೋಕೆ ಫೋನ್ ಮಾಡಿದೆ. ಎತ್ತಿದ ಹುಡ್ಗಿ ಮಂಡ್ಯ ಕಡೆಯವಳು, ಮಾತಲ್ಲೇ ಗೊತ್ತಾಯ್ತು. ನಾಲ್ಕು ಜನ, ಎರಡು ಪೂರ್ತಿ ಸಸ್ಯಾಹಾರ, ಅಲರ್ಜಿ ಏನೂ ಇಲ್ಲ, ಎಲ್ಲಾ ಹೇಳಿ ಆದ ಮೇಲೆ ಅವ್ವನ ಪ್ರಶ್ನೆಯನ್ನೂ ಕೇಳಿದೆ. ಒಂದು ಕ್ಷಣ ಸುಮ್ಮನಾದಳು. ‘ನಾವಾ ಸರ್? ಸಾಯಂಕಾಲ ಐದು ಗಂಟೆಗೇ ಎಲ್ಲಾ ಒಟ್ಟಿಗೆ ಉಂಡುಬಿಡ್ತೀವಿ, ಆಮೇಲೆ ರಾತ್ರಿ ಹನ್ನೆರಡಾಗುತ್ತೆ.’

ಇವತ್ತು ಏನು ಅಂತ ಕೇಳಿದೆ.

‘ಬಸ್ಸಾರು, ಮುದ್ದೆ’ ಅಂದಳು.